ಮೇಲೆ ಮನೆ, ಕೆಳಗೆ ದರ್ಶಿನಿ: ಕಪ್ಪು ಕ್ವಾರ್ಟ್ಸ್ ಎಲ್ಲಿಗೆ ಸರಿ, ಎಲ್ಲಿಗೆ ಬೇಡ

ಮೈಸೂರಿನ ಬೋಗಾದಿ ಕಡೆಯ ಬಡಾವಣೆಯೊಂದರಲ್ಲಿ ಮೂವತ್ತು–ನಲವತ್ತರ ನಿವೇಶನ. ರಸ್ತೆ ಪಶ್ಚಿಮಕ್ಕೆ. ನೆಲಮಹಡಿಯಲ್ಲಿ ಮಗ ತೆರೆಯಲಿದ್ದ ದರ್ಶಿನಿ, ಮೇಲೆ ವಾಸದ ಮನೆ. ಕಾವೇರಿ ನೀರಿನ ಸಂಪರ್ಕ ಇನ್ನೂ ಬಂದಿರಲಿಲ್ಲವಾದ್ದರಿಂದ ಎರಡಕ್ಕೂ ಕೊಳವೆ ಬಾವಿಯೇ ಆಧಾರ. ಒಳಾಂಗಣದ ಕೆಲಸ ನಮ್ಮ ಕೈಗೆ ಬರುವಾಗ ಗಾರೆ ಮುಗಿದು, ವಿದ್ಯುತ್ ಪೈಪುಗಳು ಗೋಡೆಯೊಳಗೆ ಸೇರಿದ್ದವು.

ಅಡುಗೆ ಕಟ್ಟೆ, ಅಂಗಡಿಯ ಬಿಲ್ ಕೌಂಟರ್, ಗಿರಾಕಿಗಳು ನಿಂತು ತಿನ್ನುವ ಮೇಜು, ಎಲ್ಲವೂ ಕಪ್ಪಾಗಿರಬೇಕು ಎಂಬುದರಲ್ಲಿ ಮನೆಯವರಿಗೆ ಭಿನ್ನಾಭಿಪ್ರಾಯ ಇರಲಿಲ್ಲ. ಯಾವ ಕಪ್ಪು ಎಂಬಲ್ಲಿ ಮಾತ್ರ ನಾಲ್ಕು ದಿಕ್ಕು. ಸೊಸೆಗೆ ಹೊಳಪಿಲ್ಲದ ಅಚ್ಚ ಕಪ್ಪು ಕ್ವಾರ್ಟ್ಸ್ ಬೇಕಿತ್ತು. ಮೊಬೈಲಿನಲ್ಲಿ ಅವರು ಕೂಡಿಟ್ಟಿದ್ದ ಚಿತ್ರಗಳೆಲ್ಲ ಅವೇ. ಅತ್ತೆಗೆ ಕರಿ ಗ್ರಾನೈಟ್ ಬಿಟ್ಟು ಬೇರೆ ಬೇಡ. ಮಗನಿಗೆ ಮನೆಗೂ ಅಂಗಡಿಗೂ ಒಂದೇ ಸರಕು ಒಟ್ಟಿಗೆ ಕೊಂಡರೆ ದರ ಇಳಿಯುತ್ತದೆಂಬ ಲೆಕ್ಕ. ನಿವೃತ್ತ ಶಿಕ್ಷಕರಾದ ತಂದೆ, ಇಷ್ಟೆಲ್ಲ ಖರ್ಚೇಕೆ, ಕಡಪ ಕಲ್ಲು ಹಾಕಿಸಿದರೆ ಸಾಲದೇ ಎಂದರು.

“ನಮ್ಮ ಹಳೆಯ ಮನೆಯ ಕಟ್ಟೆ ಇಪ್ಪತ್ತು ವರ್ಷ ಕುಕ್ಕರ್ ಹೊತ್ತಿದೆ. ಅದಕ್ಕೇನು ಕೊರತೆಯಾಗಿತ್ತು?” ಎಂದು ಅತ್ತೆ ಕೇಳಿದರು.

“ಕೊರತೆ ಅಂತಲ್ಲ ಅತ್ತೆ. ಇದು ನೀರು, ಅರಿಶಿನ ಏನನ್ನೂ ಹೀರುವುದಿಲ್ಲವಂತೆ” ಎಂದರು ಸೊಸೆ.

ಇಬ್ಬರ ಮಾತಿನಲ್ಲೂ ಹುರುಳಿತ್ತು. ಹಾಗಾಗಿ ಕಲ್ಲಿನ ಹೆಸರನ್ನು ಬದಿಗಿಟ್ಟು, ಮನೆ ಮತ್ತು ಅಂಗಡಿಯ ಒಂದೊಂದು ಕಟ್ಟೆಯನ್ನೂ ಪ್ರತ್ಯೇಕವಾಗಿ ನೋಡೋಣ ಎಂದೆವು. ಎಲ್ಲಿ ಬೆಂಕಿ, ಎಲ್ಲಿ ಬಿಸಿಲು, ಎಲ್ಲಿ ನೀರು ಎಂಬುದು ಗೊತ್ತಾದರೆ ಯಾವ ಕಪ್ಪು ಎಂಬ ಪ್ರಶ್ನೆ ಮುಕ್ಕಾಲು ಪಾಲು ಬಗೆಹರಿಯುತ್ತದೆ. ಉಳಿದ ಕಾಲು ಪಾಲು ಆ ಕಲ್ಲನ್ನು ಯಾರು, ಎಲ್ಲಿ, ಹೇಗೆ ಕತ್ತರಿಸುತ್ತಾರೆ ಎಂಬುದು. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚಿನದು, ಅದಕ್ಕೆ ಆಮೇಲೆ ಬರುತ್ತೇನೆ.

ಹಲಗೆಯೊಳಗೆ ಏನಿದೆ

ಕ್ವಾರ್ಟ್ಸ್ ಸ್ಲ್ಯಾಬ್ ಗಣಿಯಿಂದ ಬಂಡೆಯಾಗಿ ಬಂದು ಸೀಳಿಸಿಕೊಂಡದ್ದಲ್ಲ. ಬೆಣಚುಕಲ್ಲನ್ನು ಪುಡಿ ಮಾಡಿ, ಅದಕ್ಕೆ ಪಾಲಿಯೆಸ್ಟರ್ ರೆಸಿನ್ ಮತ್ತು ಬಣ್ಣ ಬೆರೆಸಿ, ನಿರ್ವಾತದಲ್ಲಿ ಕಂಪಿಸುತ್ತ ಒತ್ತಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ತೂಕದಲ್ಲಿ ಶೇಕಡಾ 90ರ ಆಸುಪಾಸು ಬೆಣಚುಕಲ್ಲು, ಉಳಿದದ್ದು ರೆಸಿನ್ ಮತ್ತು ಬಣ್ಣ. ಈ ವಿಧಾನವನ್ನು ಜಗತ್ತಿಗೆ ಕೊಟ್ಟದ್ದು 1963ರಲ್ಲಿ ಶುರುವಾದ ಇಟಲಿಯ ಬ್ರೆಟಾನ್ ಕಂಪನಿ. ಇಂದು ನಮ್ಮ ದೇಶದಲ್ಲೇ ಹೈದರಾಬಾದಿನ ಸುತ್ತ, ರಾಜಸ್ಥಾನ ಹಾಗೂ ಗುಜರಾತಿನಲ್ಲಿ ಇಂಥ ಕಾರ್ಖಾನೆಗಳಿವೆ.

ಖನಿಜಗಳ ಗಟ್ಟಿತನವನ್ನು 1ರಿಂದ 10ರವರೆಗೆ ಅಳೆಯುವ ಮೋಹ್ಸ್ ಮಾಪನದಲ್ಲಿ ಬೆಣಚುಕಲ್ಲು 7ರಷ್ಟು ಗಟ್ಟಿ. ಮನೆಯ ಚಾಕು ಅದನ್ನು ಗೀರಲಾರದು. ಸಂದಿಗಳನ್ನೆಲ್ಲ ರೆಸಿನ್ ತುಂಬಿರುವುದರಿಂದ ಎಣ್ಣೆ, ಅರಿಶಿನ, ಹುಣಸೆ ರಸ ಒಳಕ್ಕಿಳಿಯುವುದಿಲ್ಲ. ಸೊಸೆ ಕೇಳಿದ್ದ ಮಾತು ಇಷ್ಟರ ಮಟ್ಟಿಗೆ ನಿಜ. ಆದರೆ ಆ ರೆಸಿನ್ ಪ್ಲಾಸ್ಟಿಕ್ಕಿನ ಜಾತಿಯದು. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದ ಪಾತ್ರೆಯನ್ನು ನೇರವಾಗಿ ಇಟ್ಟರೆ ಅದು ಕೆಡುತ್ತದೆ, ಕೆಲವೊಮ್ಮೆ ಹಲಗೆಯೇ ಬಿರುಕು ಬಿಡುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ವರ್ಷಗಟ್ಟಲೆ ಸಿಕ್ಕರೆ ಬಣ್ಣ ಮಾಸುತ್ತದೆ, ಕಪ್ಪಿನಲ್ಲಿ ಅದು ಎದ್ದು ಕಾಣುತ್ತದೆ. ಸಿಂಕ್ ಪೈಪಿನ ಕಟ್ಟು ಬಿಡಿಸಲು ಸುರಿಯುವ ಕಾಸ್ಟಿಕ್ ಸೋಡಾ ಚೆಲ್ಲಿ ಹಾಗೇ ಉಳಿದರೆ ಹೊಳಪು ಹೋಗುತ್ತದೆ.

ಕರಿ ಗ್ರಾನೈಟ್ ಬೇರೆ ವಂಶ. ನಮ್ಮ ಪಕ್ಕದ ಚಾಮರಾಜನಗರದ ಗಣಿಗಳಿಂದ ಬರುವ ಕಪ್ಪು ಕಲ್ಲನ್ನು ಮಾರುಕಟ್ಟೆ ಗ್ರಾನೈಟ್ ಎನ್ನುತ್ತದೆ, ಭೂವಿಜ್ಞಾನ ಡಾಲರೈಟ್ ಎನ್ನುತ್ತದೆ. ಭೂಮಿಯೊಳಗಿನ ಕರಗಿದ ಶಿಲೆ ಆರಿ ಆದದ್ದು. ಅದರೊಳಗೆ ರೆಸಿನ್ ಇಲ್ಲ. ಬಾಣಲೆಯ ಬಿಸಿಗೂ ಬಿಸಿಲಿಗೂ ಅದು ಜಗ್ಗುವುದಿಲ್ಲ. ಕಡಪ ಕಲ್ಲು ಸುಣ್ಣದಕಲ್ಲಿನ ಕುಲದ್ದು. ಹುಳಿ ಬಿದ್ದಲ್ಲಿ ಅದು ಮಂಕಾಗುತ್ತದೆ.

ತುಂಡುಗಳನ್ನು ಮನೆಗೇ ತಂದೆವು

ಅಂಗಡಿಯವರು ಕೊಡುವ ಅಂಗೈ ಅಗಲದ ಮಾದರಿಗಳನ್ನು ನಾನು ನಂಬುವುದಿಲ್ಲ. ಷೋರೂಮಿನ ದೀಪಗಳ ಕೆಳಗೆ, ಒಂದು ಬೆರಳೂ ತಾಗದ ಹಾಗೆ ಒರೆಸಿಟ್ಟ ಕಪ್ಪು ಎಲ್ಲರಿಗೂ ಚೆಂದವೇ. ಕತ್ತರಿಸಿ ಉಳಿದ ಒಂದಡಿ ಅಗಲದ ತುಂಡುಗಳನ್ನು ಕೇಳಿ ತರಿಸಿದೆವು: ಹೊಳಪಿನ ಅಚ್ಚ ಕಪ್ಪು ಕ್ವಾರ್ಟ್ಸ್, ಹೊಳಪಿಲ್ಲದ ಅಚ್ಚ ಕಪ್ಪು ಕ್ವಾರ್ಟ್ಸ್, ಸಣ್ಣ ಬೂದು ಚುಕ್ಕಿಗಳಿರುವ ಇದ್ದಿಲು ಬಣ್ಣದ ಕ್ವಾರ್ಟ್ಸ್, ಪಾಲಿಶ್ ಮಾಡಿದ ಕರಿ ಗ್ರಾನೈಟ್, ತೊಗಲಿನಂತೆ ತುಸು ಒರಟಾದ ಲೆದರ್ ಫಿನಿಶ್ ಕರಿ ಗ್ರಾನೈಟ್, ಒಂದು ಕಡಪ ಕಲ್ಲು. ಎಲ್ಲವನ್ನೂ ಇನ್ನೂ ಮುಗಿಯದ ಅಡುಗೆ ಮನೆಯಲ್ಲೇ ಇಟ್ಟು ಅತ್ತೆ–ಸೊಸೆಯರ ವಶಕ್ಕೆ ಬಿಟ್ಟೆವು.

ಮೊದಲ ಪಾಠ ಕೊಳವೆ ಬಾವಿಯ ನೀರಿನದು. ಒಂದೊಂದು ತುಂಡಿನ ಮೇಲೂ ನಾಲ್ಕು ಹನಿ ಬಿಟ್ಟು ರಾತ್ರಿಯಿಡೀ ಆರಲು ಬಿಟ್ಟರು. ಬೆಳಿಗ್ಗೆ ಹೊಳಪಿನ ಅಚ್ಚ ಕಪ್ಪಿನ ಮೇಲೆ ನಾಲ್ಕು ಬಿಳಿ ಉಂಗುರಗಳು, ಅಂಚು ದಪ್ಪ, ನಡುವೆ ತೆಳು ಪುಡಿ. ಒಣ ಬಟ್ಟೆಗೆ ಹೋಗಲಿಲ್ಲ. ನೀರು ಬೆರೆಸಿದ ವಿನಿಗರ್ ಸವರಿ ಒರೆಸಿದ ಮೇಲೆ ಹೋದವು. ಪಾಲಿಶ್ ಮಾಡಿದ ಗ್ರಾನೈಟಿನ ಮೇಲೂ ಅದೇ ಕಥೆ. ನೀರಿನಲ್ಲಿರುವ ಸುಣ್ಣಕ್ಕೆ ಕಾರ್ಖಾನೆಯ ಕಲ್ಲು, ಗಣಿಯ ಕಲ್ಲು ಎಂಬ ಭೇದವಿಲ್ಲ. ಕಪ್ಪು ನುಣುಪಾದಷ್ಟೂ ಅದು ಕಾಣುತ್ತದೆ. ಚುಕ್ಕಿಯ ಕ್ವಾರ್ಟ್ಸಿನ ಮೇಲೂ ಉಂಗುರಗಳಿದ್ದವು, ಬಗ್ಗಿ ಹುಡುಕಿದರೆ ಮಾತ್ರ ಕಂಡವು. ಲೆದರ್ ಫಿನಿಶ್ ಗ್ರಾನೈಟಿನ ಸಣ್ಣ ಏರುತಗ್ಗುಗಳಲ್ಲಿ ಅವು ಬಹುಪಾಲು ಮರೆಯಾದವು.

ಹೊಳಪಿಲ್ಲದ ಅಚ್ಚ ಕಪ್ಪಿನ ಮೇಲೆ ನೀರಿಗಿಂತ ಎಣ್ಣೆ ಹೆಚ್ಚು ಕಾಟ ಕೊಟ್ಟಿತು. ಒಗ್ಗರಣೆ ಹಾಕಿದ ಕೈಯನ್ನು ಅತ್ತೆ ಅದರ ಮೇಲೆ ಊರಿದರು. ಐದು ಬೆರಳೂ ಅಂಗೈಯ ಗೆರೆಗಳೂ ಅಚ್ಚೊತ್ತಿದಂತೆ ಮೂಡಿದವು. ಸೋಪಿನ ನೀರಿನಲ್ಲಿ ಒರೆಸಿದಾಗ ಕಲೆ ಹೋಯಿತು, ಆದರೆ ಒರೆಸಿದ ಸುತ್ತು ಬೇರೆಯೇ ಬಣ್ಣವಾಗಿ ಕಾಣಿಸಿ, ಇಡೀ ತುಂಡನ್ನು ಒರೆಸಬೇಕಾಯಿತು. ಸ್ಟೀಲ್ ಪಾತ್ರೆಯನ್ನು ಎಳೆದಲ್ಲಿ ಪೆನ್ಸಿಲ್ ಗೆರೆಯಂಥ ಬೂದು ಗೀಟು. ನೋಡಿದವರು ಕಲ್ಲು ಗೀರಿತೆಂದೇ ತಿಳಿಯುತ್ತಾರೆ. ನಿಜಕ್ಕೂ ಅದು ಪಾತ್ರೆಯ ಲೋಹವೇ ಸವೆದು ಕಲ್ಲಿಗೆ ಹತ್ತಿದ್ದು. ಅಡುಗೆ ಸೋಡಾದ ಪೇಸ್ಟ್ ಹಾಕಿ ಹಗುರಾಗಿ ಉಜ್ಜಿದರೆ ಹೋಗುತ್ತದೆ, ಆದರೆ ಅದೇ ಜಾಗವನ್ನು ಮತ್ತೆ ಮತ್ತೆ ಉಜ್ಜಿದರೆ ಅಲ್ಲಿ ಮಾತ್ರ ಹೊಳಪು ಬರಲು ಶುರುವಾಗುತ್ತದೆ. ದಿನಕ್ಕೆ ಮೂರು ಹೊತ್ತು ಒಲೆ ಹಚ್ಚುವ, ಎಲ್ಲವನ್ನೂ ಸ್ಟೀಲಿನಲ್ಲೇ ಮಾಡುವ ಮನೆಗೆ ಈ ಫಿನಿಶ್ ಬೇಡವೆಂದು ನಾನು ಖಡಾಖಂಡಿತವಾಗಿ ಹೇಳಿದೆ. ಅಷ್ಟರಲ್ಲಿ ಸೊಸೆಯೇ ಆ ತುಂಡನ್ನು ಗೋಡೆಗೆ ಒರಗಿಸಿಟ್ಟಿದ್ದರು.

ಕಡಪ ಕಲ್ಲಿನ ಮೇಲೆ ನಿಂಬೆಹೋಳು ಇಟ್ಟು ಊಟ ಮುಗಿಸಿ ಬರುವಷ್ಟರಲ್ಲಿ ಬಿಳಿಚಿದ ಗುರುತು ಉಳಿದಿತ್ತು. ತಂದೆಯವರು ಅದನ್ನು ಬೆರಳಿನಿಂದ ತಡವಿ ನೋಡಿ, ಉಗ್ರಾಣದ ಕಪಾಟಿನ ಹಲಗೆಗಳಿಗೆ ಇದೇ ಇರಲಿ ಎಂದರು. ಒಳ್ಳೆಯ ತೀರ್ಮಾನ. ಕಡಪಕ್ಕೆ ಅದೇ ತಕ್ಕ ಜಾಗ.

ಕೊನೆಯದು ಬಿಸಿ. ಕೊತಕೊತ ಕುದಿಯುವ ಕುಕ್ಕರಿನೊಳಗೆ ಸುಮಾರು 120 ಡಿಗ್ರಿ, ವಡೆ ಕರಿಯುವ ಎಣ್ಣೆ 180 ಡಿಗ್ರಿಯ ಆಸುಪಾಸು. ದೋಸೆ ಕಾವಲಿ ಅದಕ್ಕೂ ಮೇಲೆ. ಹಪ್ಪಳ ಕರಿದ ಕಬ್ಬಿಣದ ಬಾಣಲೆಯನ್ನು ಒಲೆಯಿಂದಿಳಿಸಿ ನೇರವಾಗಿ ಹೊಳಪಿನ ಕ್ವಾರ್ಟ್ಸ್ ತುಂಡಿನ ಮೇಲಿಟ್ಟೆವು. ಆರಿದ ಮೇಲೆ ಎತ್ತಿ ನೋಡಿದರೆ ತಳದ ಸುತ್ತಿಗೆ ಸರಿಯಾಗಿ ಮಂಕಾದ ಬಳೆ. ಸೋಪಿಗೂ ವಿನಿಗರಿಗೂ ಹೋಗಲಿಲ್ಲ, ಹೋಗುವಂಥದ್ದೂ ಅಲ್ಲ, ಸುಟ್ಟದ್ದು ರೆಸಿನ್. ಕಂಪನಿಗಳ ವಾರಂಟಿಯಲ್ಲಿ ಬಿಸಿಯಿಂದಾದ ಹಾನಿಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಪಕ್ಕದ ಗ್ರಾನೈಟಿನ ಮೇಲೆ ಅದೇ ಬಾಣಲೆ ಇಟ್ಟು ತೆಗೆದಾಗ ಎಣ್ಣೆಯ ಜಿಡ್ಡು ಬಿಟ್ಟರೆ ಬೇರೇನಿಲ್ಲ. ಅತ್ತೆ ಒಂದು ಮಾತೂ ಆಡಲಿಲ್ಲ. ಬಾಣಲೆಯಡಿ ಚಾಪೆಯೋ ಸಿಂಬೆಯೋ ಇಟ್ಟುಕೊಂಡರಾಯಿತಲ್ಲ ಎಂದು ಹೇಳುವವರಿದ್ದಾರೆ. ಹಬ್ಬದ ದಿನ ನಾಲ್ಕು ಕೈಗಳು ಒಂದೇ ಕಟ್ಟೆಯ ಮೇಲೆ ಓಡಾಡುವಾಗ ಯಾರು ಎಲ್ಲಿ ಏನನ್ನು ಇಳಿಸುತ್ತಾರೋ, ಆ ಎಚ್ಚರವನ್ನು ಕಟ್ಟೆಗಾಗಿ ಇಡೀ ಜೀವನ ಕಾಯಬೇಕೆನ್ನುವುದು ನನಗೆ ಒಪ್ಪಿತವಲ್ಲ.

ತೀರ್ಮಾನ

ಅಡುಗೆ ಮನೆಯ ಕಟ್ಟೆ ಎಲ್ ಆಕಾರದ್ದು. ಒಲೆಯಿರುವ ಉದ್ದದ ಬದಿಗೆ ಲೆದರ್ ಫಿನಿಶ್ ಕರಿ ಗ್ರಾನೈಟ್, ಸಿಂಕ್ ಇರುವ ಆರಡಿ ಬದಿಗೆ ಚುಕ್ಕಿಯ ಇದ್ದಿಲು ಬಣ್ಣದ ಕ್ವಾರ್ಟ್ಸ್. ಎರಡು ಬೇರೆ ಕಪ್ಪು ಒಂದೇ ಮೂಲೆಯಲ್ಲಿ ಸೇರಿದರೆ ವಿಕಾರ ಕಾಣದೇ ಎಂಬ ಅನುಮಾನ ಎಲ್ಲರಿಗೂ ಇತ್ತು. ಒಂದನ್ನೊಂದು ಹೋಲುವ ಎರಡು ಕಪ್ಪಿಟ್ಟರೆ ಖಂಡಿತ ಹಾಗಾಗುತ್ತದೆ. ಇಲ್ಲಿ ಒಂದು ಒರಟು, ಇನ್ನೊಂದು ನುಣುಪು. ಒಂದು ಕಡುಗಪ್ಪು, ಇನ್ನೊಂದು ಬೂದಿಗೆ ತಿರುಗಿದ್ದು. ಬೇಕೆಂದೇ ಮಾಡಿದ ಭೇದವೆಂದು ಕಣ್ಣಿಗೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಇಡ್ಲಿ ಪಾತ್ರೆ, ಕಾಫಿ ಬಾಯ್ಲರ್ ನಿಲ್ಲುವ ಕಡೆ ಕಲ್ಲಿನ ಮಾತೇ ಇಲ್ಲ, ಸ್ಟೀಲ್. ಪಶ್ಚಿಮದ ಬಿಸಿಲು ನೇರವಾಗಿ ಬೀಳುವ, ಗಿರಾಕಿಗಳು ನಿಂತು ತಿನ್ನುವ ಮೇಜುಗಳಿಗೆ ಪಾಲಿಶ್ ಗ್ರಾನೈಟ್. ಸುಮಾರು 1200 ಡಿಗ್ರಿಯಲ್ಲಿ ಸುಟ್ಟು ಮಾಡುವ, ರೆಸಿನ್ ಇಲ್ಲದ ಸಿಂಟರ್ಡ್ ಹಲಗೆಯೂ ಬಿಸಿಲಿಗೆ ಆಗುತ್ತದೆ, ಆದರೆ ಅದರ ಅಂಚು ಬೇಗ ಮುಕ್ಕಾಗುತ್ತದೆ. ದಿನವಿಡೀ ತಟ್ಟೆ ಲೋಟ ತಾಗುವ ಮೇಜಿಗೆ ನಾನು ಸೂಚಿಸಲಿಲ್ಲ. ಒಳಗೆ ನೆರಳಿನಲ್ಲಿರುವ ಬಿಲ್ ಕೌಂಟರಿಗೆ ಮೇಲಿನದೇ ಇದ್ದಿಲು ಕ್ವಾರ್ಟ್ಸ್, ಎರಡು ಬದಿಯಲ್ಲೂ ನೆಲದವರೆಗೆ ಇಳಿಬಿಟ್ಟು. ಈ ಜಾಗಕ್ಕೆ ಕ್ವಾರ್ಟ್ಸಿನಷ್ಟು ಹೊಂದುವ ವಸ್ತು ಇನ್ನೊಂದಿಲ್ಲವೆಂದೇ ಹೇಳುತ್ತೇನೆ. ಕಾಫಿ ಚೆಲ್ಲುತ್ತದೆ, ಚಿಲ್ಲರೆ ಉರುಳುತ್ತದೆ, ಮೊಬೈಲು ಕೀಲಿಕೈ ಉಜ್ಜುತ್ತವೆ. ಬೆಂಕಿಯಿಲ್ಲ, ಬಿಸಿಲಿಲ್ಲ.

ದರದಲ್ಲಿ ಕ್ವಾರ್ಟ್ಸ್ ಗ್ರಾನೈಟಿಗಿಂತ ಬಹಳ ಮೇಲಿರುವುದರಿಂದ ಒಂದೇ ಸ್ಲ್ಯಾಬಿನಲ್ಲಿ ಕೆಲಸ ಮುಗಿಸುವುದು ಮುಖ್ಯವಾಗಿತ್ತು. ಸ್ಲ್ಯಾಬಿನ ಅಳತೆ 3050 ಮಿಲಿಮೀಟರ್ ಉದ್ದ, 1440 ಅಗಲ, 20 ದಪ್ಪ. ಅಗಲದಲ್ಲಿ 600ರ ಎರಡು ಪಟ್ಟಿ. ಒಂದರಲ್ಲಿ ಸಿಂಕಿನ ಬದಿಯ ಆರಡಿ ಮತ್ತು ಕೌಂಟರಿನ ಒಂದು ಪಕ್ಕ, ಇನ್ನೊಂದರಲ್ಲಿ ಕೌಂಟರಿನ ಮೇಲ್ಭಾಗ ಮತ್ತು ಇನ್ನೊಂದು ಪಕ್ಕ. ಮಿಕ್ಕ 240ರಲ್ಲಿ ಬ್ಲೇಡ್ ತಿನ್ನುವುದನ್ನು ಕಳೆದು ನಾಲ್ಕಿಂಚಿನ ಎರಡು ಪಟ್ಟಿ ಸಿಕ್ಕಿದವು. ಅವು ಕಟ್ಟೆಯ ಹಿಂದೆ ಗೋಡೆಗೆ. ಹೀಗೆ ಕಾಗದದ ಮೇಲೆ ಹೊಂದಿಸದೆ ಚದರಡಿ ಲೆಕ್ಕದಲ್ಲಿ ಕೊಂಡಿದ್ದರೆ ಎರಡನೆಯ ಸ್ಲ್ಯಾಬ್ ಬೇಕಾಗುತ್ತಿತ್ತು, ಅದು ಅದೇ ಲಾಟಿನದು ಸಿಗದಿದ್ದರೆ ಬಣ್ಣದ ವ್ಯತ್ಯಾಸದ ತಲೆನೋವು ಬೇರೆ. ಇಡೀ ಸ್ಲ್ಯಾಬ್ ಇನ್ನೂರು ಕಿಲೋ ದಾಟುತ್ತದೆ. ಈ ಮನೆಯ ಮೆಟ್ಟಿಲ ತಿರುವಿನಲ್ಲಿ ಅದನ್ನು ಹತ್ತಿಸುವುದು ಸಾಧ್ಯವೇ ಇರಲಿಲ್ಲ.

ಕಪ್ಪು ಕಟ್ಟೆ ಬೆಳಕನ್ನು ನುಂಗುತ್ತದೆ. ಮೇಲಿನ ಕಪಾಟುಗಳ ಕೆಳಗೆ, ಮುಂದಿನ ಅಂಚಿಗೆ ಎಲ್‌ಇಡಿ ಪಟ್ಟಿ ಹಾಕಿಸಿ, ಹಾಲು ಬಣ್ಣದ ಮುಚ್ಚಳವಿರುವ ಚಾನಲ್ ಕಡ್ಡಾಯ ಎಂದೆವು. ಬರಿಯ ಪಟ್ಟಿ ಅಂಟಿಸಿದರೆ ನುಣುಪು ಕಪ್ಪಿನಲ್ಲಿ ಒಂದೊಂದು ದೀಪದ ಚುಕ್ಕಿಯೂ ಪ್ರತಿಫಲಿಸಿ ಕಣ್ಣು ಚುಚ್ಚುತ್ತದೆ.

ಕತ್ತರಿಸಿದ ದಿನ

ಸಿಂಕಿನ ರಂಧ್ರ, ನಲ್ಲಿಯ ತೂತು, ಅಂಚಿನ ಮೋಲ್ಡಿಂಗ್ ಎಲ್ಲವನ್ನೂ ಕಲ್ಲು ಕತ್ತರಿಸುವ ಯಾರ್ಡಿನಲ್ಲೇ ನೀರು ಹರಿಯುವ ಯಂತ್ರದಲ್ಲಿ ಮುಗಿಸಿ ತರಬೇಕು, ಮನೆಯಲ್ಲಿ ಕೂರಿಸುವುದಷ್ಟೇ ಕೆಲಸ ಎಂದು ಮಾತಾಗಿತ್ತು. ಬಂದ ತಂಡ ನಲ್ಲಿಯ ತೂತು ಹಾಕದೆ ಬಂದಿತ್ತು. ನಾವು ಹೋದಾಗ ಹುಡುಗನೊಬ್ಬ ಅಡುಗೆ ಮನೆಯಲ್ಲಿ ಕೈ ಗ್ರೈಂಡರ್ ಹಿಡಿದು ಒಣ ಕಲ್ಲನ್ನೇ ಕೊರೆಯುತ್ತಿದ್ದ. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ಕಿಟಕಿಯ ಬೆಳಕಿನಲ್ಲಿ ದೂಳು ಹೊಗೆಯಾಗಿ ಏಳುತ್ತಿತ್ತು, ಅವನ ರೆಪ್ಪೆಗಳು ಬೆಳ್ಳಗಾಗಿದ್ದವು. ಕೆಲಸ ನಿಲ್ಲಿಸಿ ಎಲ್ಲರನ್ನೂ ಹೊರಗೆ ಕಳುಹಿಸಿದೆ.

ಇದು ಅತಿಯಾಯಿತೆಂದು ಗುತ್ತಿಗೆದಾರರು ಮುನಿಸಿಕೊಂಡರು. ಐದು ನಿಮಿಷದ ಕೆಲಸ, ಎಲ್ಲ ಕಡೆ ಹೀಗೇ ಮಾಡುತ್ತೇವೆ ಎಂದರು. ಎಲ್ಲ ಕಡೆ ಹೀಗೇ ನಡೆಯುತ್ತಿದೆ ಎಂಬುದೇ ನನ್ನ ಸಂಕಟ. ಬೆಣಚುಕಲ್ಲೆಂದರೆ ಹರಳು ರೂಪದ ಸಿಲಿಕಾ. ಒಣದಾಗಿ ಕತ್ತರಿಸಿದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವ ಬಿಳಿಪುಡಿಗಿಂತ ಕಾಣದ ಸೂಕ್ಷ್ಮ ಕಣಗಳು ಅಪಾಯಕಾರಿ. ಅವು ಶ್ವಾಸಕೋಶದ ತುದಿಯವರೆಗೆ ಇಳಿದು ಅಲ್ಲೇ ಉಳಿಯುತ್ತವೆ, ಸುತ್ತಲಿನ ಅಂಗಾಂಶ ಗಾಯದ ಕಲೆಯಂತೆ ಗಡುಸಾಗುತ್ತ ಹೋಗುತ್ತದೆ. ಸಿಲಿಕೋಸಿಸ್ ಎಂಬ ಈ ಕಾಯಿಲೆಯನ್ನು ಗುಣಪಡಿಸುವ ಔಷಧಿ ಇಲ್ಲ. ಟವೆಲ್ಲಿನ ನೂಲಿನ ಸಂದಿಯಲ್ಲಿ ಆ ಕಣಗಳು ಸಲೀಸಾಗಿ ದಾಟುತ್ತವೆ. ಆಸ್ಟ್ರೇಲಿಯಾದಲ್ಲಿ ಕಲ್ಲು ಕತ್ತರಿಸುವ ಯುವಕರಲ್ಲಿ ಈ ಕಾಯಿಲೆ ಸಾಲು ಸಾಲಾಗಿ ಪತ್ತೆಯಾಗಿ, 2024ರ ಜುಲೈ 1ರಿಂದ ಆ ದೇಶ ಎಂಜಿನಿಯರ್ಡ್ ಸ್ಟೋನ್, ಅಂದರೆ ಕ್ವಾರ್ಟ್ಸ್ ಸ್ಲ್ಯಾಬಿನಂಥ ರೆಸಿನ್ ಬೆರೆಸಿದ ಕಲ್ಲಿನ ತಯಾರಿಕೆ, ಮಾರಾಟ, ಅಳವಡಿಕೆಯನ್ನೇ ನಿಷೇಧಿಸಿತು. ನಮ್ಮ ದೇಶದ ಕಾರ್ಮಿಕ ಕಾನೂನಿನಲ್ಲಿ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. ಆದರೆ ಬೋಗಾದಿಯ ಅಡುಗೆ ಮನೆಯಲ್ಲಿ ದಿನಗೂಲಿಗೆ ಗ್ರೈಂಡರ್ ಹಿಡಿದ ಹುಡುಗನನ್ನು ಯಾವ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹುಡುಕುವುದು?

ಡಾಲರೈಟಿನಲ್ಲಿ ಹರಳು ಸಿಲಿಕಾ ತೀರ ಕಡಿಮೆ. ಅದರ ದೂಳೂ ಒಳ್ಳೆಯದಲ್ಲ, ಆದರೆ ಕ್ವಾರ್ಟ್ಸಿನ ದೂಳಿನೊಡನೆ ಹೋಲಿಕೆಯೇ ಇಲ್ಲ. ಕಪ್ಪು ಕಲ್ಲು ಆರಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ, ಮಾರುವವರಂತೂ ಬಾಯಿಬಿಟ್ಟು ಹೇಳುವುದಿಲ್ಲ.

“ಆ ಹುಡುಗನಿಗೆ ವಯಸ್ಸೆಷ್ಟು?” ಎಂದು ಅತ್ತೆ ಕೇಳಿದರು. ಇಪ್ಪತ್ತೂ ತುಂಬಿದಂತೆ ಕಾಣಲಿಲ್ಲ. ಮನೆಯವರು ಆಮೇಲೆ ನನ್ನ ಪರವಾಗಿ ಗಟ್ಟಿಯಾಗಿ ನಿಂತರು. ತುಂಡು ಯಾರ್ಡಿಗೆ ವಾಪಸಾಯಿತು, ನೀರಿನಡಿ ತೂತು ಹಾಕಿಸಿಕೊಂಡು ಬಂತು. ಸಾಗಣೆಯ ಖರ್ಚನ್ನು ಮಗ ಕೊಟ್ಟರು. ಅಡುಗೆ ಮನೆಯನ್ನು ಪೊರಕೆಯಲ್ಲಿ ಗುಡಿಸಲು ಬಿಡದೆ ಒದ್ದೆ ಬಟ್ಟೆಯಲ್ಲಿ ಒರೆಸಿಸಿದೆವು, ಗುಡಿಸಿದರೆ ಅದೇ ದೂಳು ಮತ್ತೆ ಏಳುತ್ತದೆ. ಅಂದಿನಿಂದ ನಮ್ಮ ಕೆಲಸದ ಕರಾರಿನಲ್ಲಿ ಒಂದು ಸಾಲು ಬರೆಯುತ್ತೇವೆ: ಮನೆಯೊಳಗೆ ಒಣ ಕತ್ತರಿಕೆ ಇಲ್ಲ, ಅನಿವಾರ್ಯವಾದ ಸಣ್ಣ ತೂತಿಗೂ ನೀರು ಸುರಿಯುತ್ತಿರಬೇಕು, ಕೆಲಸಗಾರನಿಗೆ ಎನ್95ಗಿಂತ ಕಡಿಮೆಯಿಲ್ಲದ ಮುಖಗವಸು ಇರಬೇಕು. ಇದಕ್ಕೆ ಒಪ್ಪುವ ಯಾರ್ಡ್ ಸಿಗದಿದ್ದರೆ ಕ್ವಾರ್ಟ್ಸ್ ಬೇಡ, ಗ್ರಾನೈಟ್ ಹಾಕಿಸಿ ಎಂದೇ ಹೇಳುತ್ತೇನೆ. ಕೆಲಸ ಕೈತಪ್ಪಿದರೂ ಸರಿ.

ಬಳಕೆಯಲ್ಲಿ

ವರ್ಷ ಕಳೆದ ಮೇಲೆ ಹೋಗಿ ನೋಡಿದೆವು. ಬಿಲ್ ಕೌಂಟರ್ ಹಾಕಿದ ದಿನದಂತೆಯೇ ಇದೆ. ಇಳಿಬಿಟ್ಟ ಪಕ್ಕದ 45 ಡಿಗ್ರಿ ಜೋಡಣೆ ಬಿಟ್ಟಿಲ್ಲ. ಒಲೆಯ ಬದಿಯ ಗ್ರಾನೈಟಿನ ತಗ್ಗುಗಳಲ್ಲಿ ರಾಗಿ ಹಿಟ್ಟು ಕೂರುತ್ತದೆಂದು ಸೊಸೆ ಹೇಳಿದರು. ಮೆತ್ತನೆಯ ಬ್ರಷ್ ಸಾಕು, ಆದರೆ ನುಣುಪು ಕಲ್ಲಿಗಿಲ್ಲದ ಒಂದು ಹೆಚ್ಚಿನ ಕೆಲಸ ಅದು ಎಂಬುದು ನಿಜ. ನಲ್ಲಿಯ ಬುಡದಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ವಾರಕ್ಕೊಮ್ಮೆ ವಿನಿಗರ್ ನೀರಿನಲ್ಲಿ ಒರೆಸುತ್ತಾರೆ.

ಸಿಂಕಿನ ಮುಂದಿನ ಅಂಚಿನಲ್ಲಿ ಮಾತ್ರ ಅಕ್ಕಿ ಕಾಳಿನಷ್ಟು ಮುಕ್ಕಾಗಿದೆ. ಹಬ್ಬಕ್ಕೆ ತೆಗೆದ ದೊಡ್ಡ ತಪ್ಪಲೆ ತಾಗಿದ್ದು. ಕಪ್ಪು ಕ್ವಾರ್ಟ್ಸ್ ಮುಕ್ಕಾದರೆ ಒಳಗಿನ ಹರಳು ತಿಳಿಯಾಗಿ ಮಿನುಗುತ್ತದೆ. ಕಪ್ಪು ಬೆರೆಸಿದ ಎಪಾಕ್ಸಿ ಅಂಟು ತುಂಬಿ ಉಜ್ಜಿಸಿದೆವು. ಕಿಟಕಿಯ ಕಡೆಯಿಂದ ನೋಡಿದರೆ ಗೊತ್ತಾಗುತ್ತದೆ, ಬಾಗಿಲ ಕಡೆಯಿಂದ ಇಲ್ಲ. ಎಪಾಕ್ಸಿಯ ಬಣ್ಣ ಹೊಂದಿಸಲು, ಮನೆಯವರು ಅಟ್ಟದ ಮೇಲೆ ಜೋಪಾನವಾಗಿಟ್ಟಿದ್ದ ಉಳಿದ ತುಂಡು ನೆರವಾಯಿತು.

ಮಗ ಈಗ ಹೂಟಗಳ್ಳಿಯಲ್ಲಿ ಎರಡನೆಯ ದರ್ಶಿನಿ ತೆರೆಯುತ್ತಿದ್ದಾರೆ. ಅಲ್ಲಿಯ ಮುಂಭಾಗ ಪೂರ್ವಕ್ಕೆ, ಬಿಲ್ ಕೌಂಟರ್ ಬಾಗಿಲಿಗೆ ಅಂಟಿಕೊಂಡೇ ಬರುತ್ತದೆ, ಬೆಳಗಿನ ಬಿಸಿಲು ಅದರ ಮೇಲೆಯೇ. ಅದೇ ಇದ್ದಿಲು ಕ್ವಾರ್ಟ್ಸ್ ಬೇಕೆಂದು ಕೇಳಿದರು. ಕೌಂಟರನ್ನು ನಾಲ್ಕಡಿ ಒಳಕ್ಕೆ ಸರಿಸಿ ಮೇಲೊಂದು ಸಜ್ಜೆ ಇಳಿಸಲು ಒಪ್ಪಿದರೆ ಕ್ವಾರ್ಟ್ಸ್, ಇಲ್ಲದಿದ್ದರೆ ಕರಿ ಗ್ರಾನೈಟ್ ಎಂದು ಎರಡು ನಕ್ಷೆ ಕೊಟ್ಟಿದ್ದೇವೆ. ಕೈ ತೊಳೆಯುವ ಜಾಗದ ಕಲ್ಲಿನ ಅಂಚನ್ನು ಈ ಸಲ ಹೆಚ್ಚು ದುಂಡಾಗಿಸಿ ಬರೆದಿದ್ದೇವೆ. ಎರಡು ನಕ್ಷೆಯಲ್ಲೂ ಒಣ ಕತ್ತರಿಕೆ ಇಲ್ಲವೆಂಬ ಸಾಲು ಇದೆ, ಅದರ ಕೆಳಗೆ ಯಾರ್ಡಿನವರ ಸಹಿಗೆ ಜಾಗ ಬಿಟ್ಟಿದ್ದೇವೆ.